ಅಂಚೆಯ ಗೆರೆ, ಮನೆಯ ಬೆಲೆ

1972ಕ್ಕೆ ಮುಂಚೆ ಬೆಂಗಳೂರಿನಲ್ಲಿ ಅಚ್ಚಾದ ಕನ್ನಡ ಪುಸ್ತಕಗಳ ಮೊದಲ ಹಾಳೆಯನ್ನು ತೆಗೆದು ನೋಡಿರಿ. ಪ್ರಕಾಶಕರ ಹೆಸರಿನ ಕೆಳಗೆ ‘ಬಸವನಗುಡಿ, ಬೆಂಗಳೂರು-4’ ಎಂದೋ, ‘ಮಲ್ಲೇಶ್ವರಂ, ಬೆಂಗಳೂರು-3’ ಎಂದೋ, ‘ಚಾಮರಾಜಪೇಟೆ, ಬೆಂಗಳೂರು-18’ ಎಂದೋ ಇರುವುದು ವಾಡಿಕೆ. ಆ ಅಂಕಿ ಅಂಚೆಯವರದು. ಕಾಗದವು ಯಾವ ಕಚೇರಿಯ ಚೀಲಕ್ಕೆ ಬೀಳಬೇಕು ಎಂದು ಹೇಳುವುದಷ್ಟೇ ಅದರ ಕೆಲಸ. ಆದರೂ ‘ಬೆಂಗಳೂರು-4’ ಎಂದು ಓದಿದ ದೂರದ ಊರಿನವನಿಗೂ ಒಂದು ಬಗೆಯ ಬೀದಿ, ಒಂದು ಬಗೆಯ ಮನೆ, ಒಂದು ಬಗೆಯ ಜನ ಕಣ್ಣಿಗೆ ಕಟ್ಟುವುದಿತ್ತು. ಅಂಕಿ ಹೇಳಿದ್ದು ಕಚೇರಿಯನ್ನು. ಓದಿದವನು ತಿಳಿದುಕೊಂಡದ್ದು ಅಂತಸ್ತನ್ನು.

ಮನೆಯನ್ನು ಮಾರುವವನಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಇಟ್ಟಿಗೆ, ಗಾರೆ, ಮರಮುಟ್ಟುಗಳ ಬೆಲೆ ಊರಿಗೆಲ್ಲ ಹೆಚ್ಚು ಕಡಿಮೆ ಒಂದೇ. ಹಾಗಿದ್ದರೂ ಒಂದೇ ಅಳತೆಯ, ಒಂದೇ ಮೇಸ್ತ್ರಿ ಕಟ್ಟಿದ ಎರಡು ಮನೆಗಳು ರಸ್ತೆಯ ಎರಡು ಮಗ್ಗುಲಲ್ಲಿ ನಿಂತು ಎರಡು ಬೆಲೆಗೆ ಹೋಗುವುದುಂಟು. ನಡುವೆ ಹೊಳೆಯಿಲ್ಲ, ಗುಡ್ಡವಿಲ್ಲ. ಇರುವುದು ಕಾಗದದ ಮೇಲಿನ ಒಂದು ಗೆರೆ. ಆ ಗೆರೆಯನ್ನು ಎಳೆದವರು ಯಾರು, ಯಾವ ಕೆಲಸಕ್ಕಾಗಿ ಎಳೆದರು, ಅದು ಮನೆಯ ಬೆಲೆಯನ್ನು ಹೇಗೆ ಹಿಡಿದುಕೊಂಡಿತು ಎಂಬುದು ನೂರೈವತ್ತು ವರ್ಷಗಳಿಗೂ ಹಿಂದಿನಿಂದ ಬಂದ ಕಥೆ. ಅದು ಮೊದಲಾದದ್ದು ಲಂಡನ್ ನಗರದಲ್ಲಿ.

1840ರಲ್ಲಿ ಒಂದು ಪೆನ್ನಿಯ ಅಂಚೆಯನ್ನು ಜಾರಿಗೆ ತಂದು, ಬಡವನೂ ಕಾಗದ ಬರೆಯುವಂತೆ ಮಾಡಿದ ರೋಲಂಡ್ ಹಿಲ್ ಎಂಬಾತನೇ ಈ ಕಥೆಗೂ ನಾಂದಿ ಹಾಡಿದವನು. ಅಂಚೆ ಅಗ್ಗವಾಯಿತು, ಕಾಗದಗಳ ಪ್ರವಾಹ ಹರಿಯಿತು. 1851ರ ಜನಗಣತಿಯ ವೇಳೆಗೆ ಲಂಡನ್ನಿನ ಜನಸಂಖ್ಯೆ 23 ಲಕ್ಷವನ್ನು ದಾಟಿತ್ತು. ಒಂದೇ ಹೆಸರಿನ ಬೀದಿಗಳು ಊರಿನ ನಾಲ್ಕಾರು ಮೂಲೆಗಳಲ್ಲಿದ್ದವು. ಪಕ್ಕದ ಬಡಾವಣೆಗೆ ಹೋಗಬೇಕಾದ ಕಾಗದವೂ ನಡುವೂರಿನ ದೊಡ್ಡ ಕಚೇರಿಗೆ ಹೋಗಿ, ಅಲ್ಲಿ ಬೇರ್ಪಟ್ಟು, ಬಂದ ದಾರಿಯನ್ನೇ ಹಿಡಿದು ಹಿಂದಿರುಗಬೇಕಾಗಿತ್ತು.

ಹಿಲ್ ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ಸೇಂಟ್ ಮಾರ್ಟಿನ್ಸ್ ಲ ಗ್ರಾಂಡ್ ಬೀದಿಯಲ್ಲಿದ್ದ ಆ ದೊಡ್ಡ ಕಚೇರಿಯನ್ನು ನಡುವಿಗಿಟ್ಟು, ಸುತ್ತಲೂ 12 ಮೈಲಿ ದೂರಕ್ಕೆ ಒಂದು ವೃತ್ತ ಎಳೆದು, ಅದನ್ನು 10 ಭಾಗ ಮಾಡಿದರು. ನಡುವೆ ಎರಡು ಭಾಗ. ಸುತ್ತಲೂ ದಿಕ್ಕಿಗೊಂದರಂತೆ ಎಂಟು ಭಾಗ. ನಮ್ಮ ದೇವಸ್ಥಾನಗಳ ಛಾವಣಿಯಲ್ಲಿ ಅಷ್ಟದಿಕ್ಪಾಲಕರನ್ನು ಕೂರಿಸಿದ ಹಾಗೆ ಒಂದೊಂದು ದಿಕ್ಕಿಗೂ ಒಂದೊಂದು ಮುಖ್ಯ ಕಚೇರಿಯನ್ನು ಕೂರಿಸಿದರು. ವಿಳಾಸದ ಕೊನೆಯಲ್ಲಿ ದಿಕ್ಕಿನ ಹೆಸರಿನ ಮೊದಲಕ್ಷರವನ್ನು ಬರೆದರೆ ಸಾಕು: ಪೂರ್ವಕ್ಕೆ ‘ಇ’, ಪಶ್ಚಿಮಕ್ಕೆ ‘ಡಬ್ಲ್ಯು’, ನೈಋತ್ಯಕ್ಕೆ ‘ಎಸ್.ಡಬ್ಲ್ಯು.’ ಹೀಗೆ. 1857-58ರಲ್ಲಿ ಈ ಏರ್ಪಾಡು ನಡೆಯಲು ಮೊದಲಾಯಿತು.

ದಿಕ್ಕುಗಳಿಗೆ ಅಂತಸ್ತಿಲ್ಲ ಎಂದು ಅಂಚೆಯವರು ತಿಳಿದಿದ್ದಿರಬಹುದು. ಆದರೆ ಲಂಡನ್ನಿನಲ್ಲಿ ಪೂರ್ವವೆಂದರೆ ಹಡಗುಕಟ್ಟೆ, ಕಾರ್ಖಾನೆ, ಕೂಲಿಕಾರರ ಕೇರಿ. ಪಶ್ಚಿಮವೆಂದರೆ ಅರಮನೆ, ಉದ್ಯಾನ, ಶ್ರೀಮಂತರ ಬಿಡದಿ. ಹೀಗಿರಲು ಅಂಚೆಯ ಅಕ್ಷರಕ್ಕೆ ಅದರ ಹಿಂದಿನ ಬದುಕಿನ ಬಣ್ಣ ಹತ್ತದೆ ಹೋದೀತೆ? ಅಂಚೆ ಇಲಾಖೆಯಲ್ಲಿಯೇ ಅಧಿಕಾರಿಯಾಗಿದ್ದ ಪ್ರಸಿದ್ಧ ಕಾದಂಬರಿಕಾರ ಆಂಥೊನಿ ಟ್ರಾಲಪ್ ಒಂದು ವರದಿ ಕೊಟ್ಟ ಮೇಲೆ 1866ರಲ್ಲಿ ಈಶಾನ್ಯ ವಿಭಾಗವನ್ನು ತೆಗೆದು ಪೂರ್ವಕ್ಕೆ ಸೇರಿಸಿಬಿಟ್ಟರು. 1868ರಲ್ಲಿ ದಕ್ಷಿಣ ವಿಭಾಗವೂ ಹೋಗಿ ಆಗ್ನೇಯ ನೈಋತ್ಯಗಳ ನಡುವೆ ಹಂಚಿಕೆಯಾಯಿತು. ಹ್ಯಾಕ್ನಿಯ ಜನ ಮನೆ ಬದಲಾಯಿಸದೆಯೇ ಈಶಾನ್ಯದವರಾಗಿದ್ದವರು ಪೂರ್ವದವರಾದರು. ಅಂಚೆಯವರಿಗೆ ಅದು ಚೀಲಗಳ ಲೆಕ್ಕ; ಮನೆಯ ಒಡೆಯನಿಗೆ ಅದು ಮಾನದ ಲೆಕ್ಕ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಾಗದ ಬೇರ್ಪಡಿಸುತ್ತಿದ್ದ ಅನುಭವಸ್ಥರು ಸೈನ್ಯಕ್ಕೆ ಹೋದರು. ಅವರ ಜಾಗಕ್ಕೆ ಬಂದ ಹೊಸಬರಿಗೆ, ಅವರಲ್ಲಿ ಬಹುಮಂದಿ ಹೆಂಗಸರು, ಬೀದಿಗಳೆಲ್ಲ ಬಾಯಿಪಾಠವಾಗಿರಲಿಲ್ಲ. ಅವರ ಅನುಕೂಲಕ್ಕಾಗಿ 1917ರಲ್ಲಿ ದಿಕ್ಕಿನ ಅಕ್ಷರದ ಮುಂದೆ ಅಂಕಿಯನ್ನು ಸೇರಿಸಿದರು. ಮುಖ್ಯ ಕಚೇರಿಯ ನೆರೆಗೆ 1. ಉಳಿದ ಬಡಾವಣೆಗಳಿಗೆ ಹೆಸರಿನ ಅಕಾರಾದಿಯಲ್ಲಿ 2, 3, 4. ಇಷ್ಟೇ ಅದರ ಸೂತ್ರ. ಪೂರ್ವದಲ್ಲಿ ಬೆತ್ನಾಲ್ ಗ್ರೀನ್ 2, ಬೋ 3. ಎಷ್ಟೋ ದೂರದಲ್ಲಿ ಊರಂಚಿನಲ್ಲಿರುವ ಚಿಂಗ್‌ಫರ್ಡ್ 4. ನೈಋತ್ಯದಲ್ಲಿ ಬ್ರಿಕ್ಸ್‌ಟನ್ 2, ಚೆಲ್ಸಿ 3, ಕ್ಲಾಪಮ್ 4. ಬ್ರಿಕ್ಸ್‌ಟನ್ನಿಗೂ ಚೆಲ್ಸಿಗೂ ನಡುವೆ ಥೇಮ್ಸ್ ನದಿ ಹರಿಯುತ್ತದೆ; ಆ ಕಾಲದಲ್ಲಿ ಎರಡರ ಸಿರಿವಂತಿಕೆಯ ನಡುವೆಯೂ ಅಷ್ಟೇ ಅಗಲದ ಹೊಳೆ ಇತ್ತು. ಅವೆರಡೂ ಒಂದರ ಮಗ್ಗುಲಿಗೊಂದು ಕುಳಿತದ್ದು ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಬಿ ಆದ ಮೇಲೆ ಸಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ.

ಅಂಕಿಯಲ್ಲಿ ಮೇಲುಕೀಳಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೂ ಮನೆ ಮಾರುವ ದಲ್ಲಾಳಿಗಳು ವಿಳಾಸದ ಅಂಕಿಯನ್ನು ಜಾಹೀರಾತಿನ ತಲೆಯ ಮೇಲೆ ಅಚ್ಚು ಮಾಡಿಸುವುದನ್ನು ಕಲಿತರು. ಕೊಳ್ಳುವವರು ‘ಎಸ್.ಡಬ್ಲ್ಯು. 3’ ಎಂಬುದನ್ನು ಚೆಲ್ಸಿಯ ಬಿರುದಿನಂತೆ ಓದಿದರು. ಬಡಾವಣೆಯ ಹೆಸರಿಗೆ ಅಂಚು ಎಲ್ಲಿ ಎಂದು ಯಾರೂ ಹೇಳಲಾರರು. ಅಂಚೆಯ ಅಂಕಿಗೆ ಅಂಚು ಖಚಿತ. ಈ ಖಚಿತತೆಯೇ ಅದನ್ನು ವ್ಯಾಪಾರಕ್ಕೆ ಬಹಳ ಬೇಕಾದ ವಸ್ತುವನ್ನಾಗಿ ಮಾಡಿತು.

ಅಂಕಿ ಬೆಲೆಯನ್ನು ಹುಟ್ಟಿಸುತ್ತದೆಯೆ, ಬೆಲೆಯನ್ನು ಹಿಂಬಾಲಿಸುತ್ತದೆಯೆ? ಇದಕ್ಕೆ ‘ಡಬ್ಲ್ಯು. 11’ ಎಂಬ ಅಂಕಿಯ ಚರಿತ್ರೆಯನ್ನು ನೋಡಬೇಕು. ಅದು ನಾಟಿಂಗ್ ಹಿಲ್. 1950ರ ದಶಕದಲ್ಲಿ ಅಲ್ಲಿನ ಹಳೆಯ ದೊಡ್ಡ ಮನೆಗಳನ್ನು ಕೋಣೆ ಕೋಣೆಯಾಗಿ ಒಡೆದು ಬಾಡಿಗೆಗೆ ಕೊಡುತ್ತಿದ್ದರು. ಪೀಟರ್ ರಾಕ್‌ಮನ್ ಎಂಬ ಮನೆಮಾಲೀಕನ ಹೆಸರು ಬಾಡಿಗೆದಾರರ ಸುಲಿಗೆಗೆ ಪರ್ಯಾಯ ಪದವೇ ಆಗಿ ಇಂಗ್ಲಿಷ್ ನಿಘಂಟನ್ನು ಸೇರಿತು. ವೆಸ್ಟ್ ಇಂಡೀಸಿನಿಂದ ಬಂದ ಕಪ್ಪು ಜನರಿಗೆ ಬೇರೆಡೆ ಮನೆ ಸಿಗುವುದು ದುಸ್ತರವಾಗಿ ಅವರು ಅಲ್ಲಿ ನೆಲೆಸಿದ್ದರು; 1958ರಲ್ಲಿ ಅವರ ಮೇಲೆ ಬಿಳಿಯರ ಗುಂಪುಗಳು ಬಿದ್ದು ಗಲಭೆಯಾಯಿತು. ಅದೇ ನಾಟಿಂಗ್ ಹಿಲ್ ಇಂದು ಲಂಡನ್ನಿನ ಅತಿ ದುಬಾರಿ ವಿಳಾಸಗಳಲ್ಲಿ ಒಂದು. ಅಂಕಿ ಅಂದೂ 11, ಇಂದೂ 11. ಬದಲಾದದ್ದು ಮನೆಗಳ ಒಳಗಿನ ಜನ ಮತ್ತು ಅವರ ಹಣ. ಆದುದರಿಂದ ಅಂಕಿ ಪಾತ್ರೆಯೇ ಹೊರತು ಪದಾರ್ಥವಲ್ಲ.

ಆದರೆ ಪಾತ್ರೆಯ ಜಿಡ್ಡು ಬೇಗ ಹೋಗುವುದಿಲ್ಲ ಎಂಬುದೂ ನಿಜ. ಇಂಗ್ಲೆಂಡಿನಲ್ಲಿ ಈಗಿರುವ ಉದ್ದನೆಯ ಅಂಚೆಸಂಕೇತದ ಪ್ರಯೋಗ 1959ರಲ್ಲಿ ನಾರ್ವಿಚ್ ಊರಿನಲ್ಲಿ ಮೊದಲಾಗಿ, 1974ರ ವೇಳೆಗೆ ದೇಶಕ್ಕೆಲ್ಲ ಹರಡಿತು. ಅದರಲ್ಲಿ ವಿಂಡ್ಸರ್ ಊರಿಗೆ, ಅರಸರ ಕೋಟೆಯನ್ನೂ ಒಳಗೊಂಡು, ಸಿಕ್ಕಿದ ಮೊದಲ ಅಕ್ಷರಗಳು ‘ಎಸ್.ಎಲ್.’ ಅವು ಪಕ್ಕದಲ್ಲಿರುವ ಸ್ಲಾವ್ ಎಂಬ ಕಾರ್ಖಾನೆಗಳ ಊರಿನ ಅಕ್ಷರಗಳು. ರಾಜಮನೆತನದ ಹೆಸರಿಗೇ ಹೆಸರು ಕೊಟ್ಟ ಊರು ತನ್ನ ವಿಳಾಸದಲ್ಲಿ ಸ್ಲಾವಿನ ಗುರುತನ್ನು ಹೊತ್ತಿದೆ ಎಂಬ ಗೊಣಗಾಟ ಅಲ್ಲಿ ಕೇಳಿಬರುತ್ತಲೇ ಇದೆ. ಮನೆಯ ಬೆಲೆಗೋ ಮಾನಕ್ಕೋ ಸಂಕೇತವನ್ನು ಬದಲಾಯಿಸುವುದಿಲ್ಲ, ಬಟವಾಡೆಯ ಅಗತ್ಯಕ್ಕೆ ಮಾತ್ರ ಬದಲಾಯಿಸುತ್ತೇವೆ ಎಂಬುದು ಅಂಚೆಯವರ ನಿಲುವು.

ಇಲ್ಲಿಯವರೆಗೆ ಹೇಳಿದ್ದು ಬಟವಾಡೆಯ ಗೆರೆ. ಅದನ್ನು ಎಳೆದವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಇನ್ನೊಂದು ಬಗೆಯ ಗೆರೆಯುಂಟು. ಜನರನ್ನೇ ಬೇರ್ಪಡಿಸಲು ಎಳೆದದ್ದು. ಅದರ ಬೀಜವೂ ಲಂಡನ್ನಿನ ನಕ್ಷೆಯೊಂದರಲ್ಲಿ ಕಾಣುತ್ತದೆ. ಚಾರ್ಲ್ಸ್ ಬೂತ್ ಎಂಬ ಹಡಗಿನ ವ್ಯಾಪಾರಿ 1880ರ ದಶಕದಲ್ಲಿ ಲಂಡನ್ನಿನ ಬಡತನವನ್ನು ಅಳೆಯಲು ಹೊರಟು, ಬೀದಿ ಬೀದಿಗೂ ಏಳು ಬಣ್ಣಗಳಲ್ಲಿ ಒಂದನ್ನು ಬಳಿಸಿ ನಕ್ಷೆ ತಯಾರಿಸಿದ. ಸಿರಿವಂತರ ಬೀದಿಗೆ ಹಳದಿ, ಅನುಕೂಲಸ್ಥರಿಗೆ ಕೆಂಪು, ತೀರ ಕೆಳಗಿನವರಿಗೆ ಕಪ್ಪು. ಅವನ ಉದ್ದೇಶ ಒಳ್ಳೆಯದು. ಬಡತನ ಎಷ್ಟಿದೆ ಎಂದು ಸರ್ಕಾರಕ್ಕೂ ಜನಕ್ಕೂ ಕಣ್ಣಿಗೆ ಕಾಣುವಂತೆ ಮಾಡುವುದು. ಆದರೆ ಬೀದಿಗೆ ಬಣ್ಣ ಬಳಿಯುವ ಕಲೆ ಅಲ್ಲಿಗೇ ನಿಲ್ಲಲಿಲ್ಲ. ಐವತ್ತು ವರ್ಷಗಳಾದ ಮೇಲೆ ಅಟ್ಲಾಂಟಿಕ್ ಸಾಗರದಾಚೆ ಅಮೆರಿಕದಲ್ಲಿ ಸಾಲ ಕೊಡುವವರು ಅಂಥದೇ ಬಣ್ಣದ ಪೆಟ್ಟಿಗೆಯನ್ನು ಕೈಗೆತ್ತಿಕೊಂಡರು.

1929ರ ಆರ್ಥಿಕ ಕುಸಿತದ ಬಳಿಕ ಅಮೆರಿಕದಲ್ಲಿ ಸಾಲ ತೀರಿಸಲಾರದೆ ಮನೆ ಕಳೆದುಕೊಳ್ಳುವವರ ಸಂಖ್ಯೆ ಬೆಳೆಯಿತು. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರ ಮನೆಮಾಲೀಕರ ಸಾಲದ ನಿಗಮವನ್ನು ಸ್ಥಾಪಿಸಿತು. ಈ ನಿಗಮ 1935ರಿಂದ 1940ರವರೆಗೆ 200ಕ್ಕೂ ಹೆಚ್ಚು ನಗರಗಳ ನಕ್ಷೆಗಳನ್ನು ಮಾಡಿಸಿತು. ಬಡಾವಣೆಗಳಿಗೆ ನಾಲ್ಕು ದರ್ಜೆ: ಎ ದರ್ಜೆಗೆ ಹಸಿರು, ಬಿ ದರ್ಜೆಗೆ ನೀಲಿ, ಸಿ ದರ್ಜೆಗೆ ಹಳದಿ, ಡಿ ದರ್ಜೆಗೆ ಕೆಂಪು. ಕೆಂಪೆಂದರೆ ಸಾಲಕ್ಕೆ ಅಪಾಯದ ಜಾಗ. ಬೂತನ ನಕ್ಷೆಯಲ್ಲಿ ಅನುಕೂಲಸ್ಥರ ಗುರುತಾಗಿದ್ದ ಕೆಂಪು ಇಲ್ಲಿ ಶಾಪದ ಗುರುತಾಯಿತು. ದರ್ಜೆ ಕಟ್ಟುವಾಗ ಮನೆಗಳ ವಯಸ್ಸು, ಸ್ಥಿತಿಗಳನ್ನು ಬರೆದುಕೊಂಡ ಹಾಗೆಯೇ ಅಲ್ಲಿ ಕಪ್ಪು ಜನರಿದ್ದಾರೆಯೆ, ಹೊರದೇಶದಿಂದ ಬಂದವರು ನೂರಕ್ಕೆ ಎಷ್ಟು ಎಂಬುದನ್ನೂ ಬರೆದುಕೊಂಡರು. ಕಪ್ಪು ಜನ ನೆಲೆಸಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಹುಮಟ್ಟಿಗೆ ಕಟ್ಟಿಟ್ಟದ್ದು.

ಕೆಡುಕಿಗೆಲ್ಲ ಈ ನಕ್ಷೆಗಳೇ ಕಾರಣ ಎನ್ನುವಂತಿಲ್ಲ. ನಿಗಮವು ತನ್ನ ಸಾಲಗಳಲ್ಲಿ ಹೆಚ್ಚಿನವನ್ನು ನಕ್ಷೆ ಸಿದ್ಧವಾಗುವುದಕ್ಕೆ ಮುಂಚೆಯೇ ಕೊಟ್ಟಿತ್ತು ಎಂದು ಈಚಿನ ಇತಿಹಾಸಕಾರರು ತೋರಿಸಿದ್ದಾರೆ. ಹೆಚ್ಚಿನ ಪಾಲು 1934ರಲ್ಲಿ ಹುಟ್ಟಿದ ಸಂಯುಕ್ತ ಗೃಹನಿರ್ಮಾಣ ಆಡಳಿತದ್ದು. ಬ್ಯಾಂಕುಗಳು ಕೊಟ್ಟ ಮನೆಸಾಲಕ್ಕೆ ಈ ಇಲಾಖೆ ವಿಮೆಯಂತೆ ನಿಲ್ಲುತ್ತಿತ್ತು. ಅದರ ಕೈಪಿಡಿ ಬೇರೆ ಬೇರೆ ಜನಾಂಗದವರು ಬೆರೆತು ಬಾಳುವ ಬಡಾವಣೆಯಲ್ಲಿ ಬೆಲೆ ಇಳಿಯುತ್ತದೆ ಎಂದು ನಂಬಿಸಿ, ಬಿಳಿಯರಲ್ಲದವರಿಗೆ ಮಾರಕೂಡದೆಂಬ ಷರತ್ತನ್ನು ಕ್ರಯಪತ್ರದಲ್ಲಿಯೇ ಬರೆಯುವುದನ್ನು ಮೆಚ್ಚುತ್ತಿತ್ತು. ವಿಮೆಯಿಲ್ಲದ ಕಡೆ ಬ್ಯಾಂಕು ಸಾಲ ಕೊಡದು. ಸಾಲವಿಲ್ಲದ ಕಡೆ ಕೊಳ್ಳುವವನಿಲ್ಲ. ಕೊಳ್ಳುವವನಿಲ್ಲದ ಮನೆಗೆ ಬೆಲೆಯಿಲ್ಲ. ಬೆಲೆ ಇಳಿಯುತ್ತದೆ ಎಂಬ ಭವಿಷ್ಯವಾಣಿ ಹೀಗೆ ತನ್ನನ್ನು ತಾನೇ ನಿಜ ಮಾಡಿಕೊಂಡಿತು.

ಇದು ಎಷ್ಟು ದೂರ ಹೋಯಿತು ಎಂಬುದಕ್ಕೆ ಡೆಟ್ರಾಯಿಟ್ ನಗರದಲ್ಲಿ ಒಂದು ಗೋಡೆ ಇಂದಿಗೂ ನಿಂತಿದೆ. ಊರಿನ ಉತ್ತರದ ಅಂಚಿನಲ್ಲಿ, ಎಂಟು ಮೈಲಿ ರಸ್ತೆ ಎಂದು ಹೆಸರಾದ ದಾರಿಯ ಬಳಿ, ಕಪ್ಪು ಜನರು ಹಲವು ವರ್ಷಗಳಿಂದ ನೆಲೆಸಿದ್ದರು. ಅವರ ಮಗ್ಗುಲಲ್ಲಿ ಬಿಳಿಯರಿಗಾಗಿ ಬಡಾವಣೆ ಕಟ್ಟಲು ಗುತ್ತಿಗೆದಾರನೊಬ್ಬ ಹೊರಟಾಗ, ಕಪ್ಪು ಜನರ ಕೇರಿ ಪಕ್ಕದಲ್ಲಿದೆ ಎಂಬ ಕಾರಣದಿಂದ ಸಾಲದ ವಿಮೆ ಸಿಗಲಿಲ್ಲ. 1941ರಲ್ಲಿ ಆತ ಎರಡರ ನಡುವೆ 6 ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟಿನ ಗೋಡೆ ಎಬ್ಬಿಸಿದ. ಸಾಲ ಮಂಜೂರಾಯಿತು. ಮಣ್ಣು ಅದೇ, ಗಾಳಿ ಅದೇ. ಗೋಡೆಯ ಒಂದು ಮಗ್ಗುಲು ಬ್ಯಾಂಕಿಗೆ ನಂಬಿಕೆಯ ನೆಲ, ಇನ್ನೊಂದು ಮಗ್ಗುಲು ಅಪಾಯದ ನೆಲ. ಕಾಗದದ ಗೆರೆ ಕಲ್ಲಾಗಿ ನಿಂತ ಉದಾಹರಣೆ ಇದು.

ಕ್ರಯಪತ್ರದ ಷರತ್ತಿನ ಮೊಕದ್ದಮೆ ಕೊನೆಗೆ ಸುಪ್ರೀಮ್ ಕೋರ್ಟನ್ನು ಮುಟ್ಟಿತು. ಸೇಂಟ್ ಲೂಯಿಸ್ ನಗರದಲ್ಲಿ ಶೆಲ್ಲಿ ಎಂಬ ಕಪ್ಪು ಕುಟುಂಬ 1945ರಲ್ಲಿ ಒಂದು ಮನೆ ಕೊಂಡಿತು. ಆ ಬೀದಿಯವರು 1911ರಲ್ಲಿಯೇ ತಮ್ಮೊಳಗೆ ಕರಾರು ಬರೆದುಕೊಂಡು, ಕಪ್ಪು ಜನರೂ ಮಂಗೋಲ ಜನಾಂಗದವರೂ ಅಲ್ಲಿ ವಾಸಿಸಕೂಡದೆಂದು ಕಟ್ಟುಮಾಡಿದ್ದರು. ನೆರೆಯವರು ದಾವಾ ಹೂಡಿದರು. ಖಾಸಗಿ ಜನ ಅಂಥ ಕರಾರನ್ನು ತಮ್ಮಷ್ಟಕ್ಕೆ ಪಾಲಿಸಬಹುದು, ಆದರೆ ನ್ಯಾಯಾಲಯ ಸರ್ಕಾರದ ಅಂಗವಾದ್ದರಿಂದ ಅದನ್ನು ಜಾರಿ ಮಾಡಿಕೊಡಲಾರದು ಎಂದು 1948ರಲ್ಲಿ ತೀರ್ಪಾಯಿತು. ಒಂಬತ್ತು ನ್ಯಾಯಾಧೀಶರಲ್ಲಿ ಮೂವರು ಆ ವಿಚಾರಣೆಯಲ್ಲಿ ಭಾಗವಹಿಸಲಿಲ್ಲ. ಮನೆ ಮಾರುವುದರಲ್ಲಿಯೂ ಬಾಡಿಗೆಗೆ ಕೊಡುವುದರಲ್ಲಿಯೂ ಜನಾಂಗಭೇದ ಮಾಡಕೂಡದೆಂಬ ಕಾನೂನು ಬರಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾದ ಒಂದು ವಾರಕ್ಕೆ ಅದಕ್ಕೆ ಅಂಕಿತ ಬಿತ್ತು.

ಇಷ್ಟರೊಳಗೆ ಅಂಚೆಯವರು ತಮ್ಮ ಪಾಡಿಗೆ ತಮ್ಮ ಗೆರೆ ಎಳೆದಿದ್ದರು. 1963ರ ಜುಲೈ 1ರಂದು ಅಮೆರಿಕದಲ್ಲಿ ಐದು ಅಂಕಿಗಳ ‘ಜಿಪ್’ ಸಂಕೇತ ಬಳಕೆಗೆ ಬಂದಿತು. ಇದೂ ಬಟವಾಡೆಯ ಅನುಕೂಲಕ್ಕಾಗಿಯೇ. ಆದರೆ 1970ರ ದಶಕದಲ್ಲಿ ಜಾನಥನ್ ರಾಬಿನ್ ಎಂಬ ಸಂಖ್ಯಾಶಾಸ್ತ್ರಜ್ಞ ಜನಗಣತಿಯ ವಿವರಗಳನ್ನು ಈ ಅಂಕಿಗಳ ಮೇಲೆ ಹೊದಿಸಿ, ದೇಶದ ನೆರೆಹೊರೆಗಳನ್ನೆಲ್ಲ 40 ಜಾತಿಗಳಾಗಿ ವಿಂಗಡಿಸಿ, ವ್ಯಾಪಾರಿಗಳಿಗೆ ಮಾರಿದ. ನಿಮ್ಮ ಐದು ಅಂಕಿ ಹೇಳಿದರೆ ನೀವು ಯಾವ ಕಾರು ಕೊಳ್ಳುವವರು, ಯಾವ ಪತ್ರಿಕೆ ಓದುವವರು ಎಂದು ಹೇಳುವ ಜ್ಯೋತಿಷ್ಯ ಹುಟ್ಟಿತು. ಬಣ್ಣದ ನಕ್ಷೆಯನ್ನು ಬಹಿರಂಗವಾಗಿ ಬಳಸುವಂತಿಲ್ಲ. ಆದರೆ ಆ ನಕ್ಷೆ ಬೇರ್ಪಡಿಸಿದ ಜನ ಆ ಆ ಅಂಕಿಗಳೊಳಗೇ ಇದ್ದರು. ನಿರ್ದೋಷಿಯಾದ ಅಂಕಿ ಹಳೆಯ ಬಣ್ಣದ ಪ್ರತಿನಿಧಿಯಾಗಿ ನಿಲ್ಲುವುದು ಹೀಗೆ.

ಮೇಲ್ತುದಿಯಲ್ಲಿಯೂ ಇದೇ ಆಟ, ಕೊಂಚ ನಗೆಗೇಡಿನದು. ಕ್ಯಾಲಿಫೋರ್ನಿಯದ ಬೆವರ್ಲಿ ಹಿಲ್ಸ್ ಎಂಬುದು ಸಿನಿಮಾ ತಾರೆಯರ ಪುಟ್ಟ ನಗರ. ಅದರ ಪ್ರಸಿದ್ಧ ಅಂಕಿ 90210. ಆ ಅಂಕಿಯನ್ನು ಹೆಸರಿನಲ್ಲಿಟ್ಟುಕೊಂಡ ದೂರದರ್ಶನದ ಧಾರಾವಾಹಿಯೊಂದು 1990ರಿಂದ 2000ದವರೆಗೆ ನಡೆದು ಅದನ್ನು ಲೋಕವಿಖ್ಯಾತ ಮಾಡಿತು. ಆದರೆ ಅಂಚೆಯ ಗೆರೆ ನಗರದ ಗೆರೆಯನ್ನು ದಾಟಿ, ಪಕ್ಕದ ಲಾಸ್ ಏಂಜಲೀಸ್ ನಗರಕ್ಕೆ ಸೇರಿದ ಗುಡ್ಡದ ಭಾಗವೊಂದನ್ನೂ ಒಳಗೆ ಹಾಕಿಕೊಂಡಿದೆ. ಅಲ್ಲಿನ ಮನೆಗಳಿಗೆ ವಿಳಾಸ ಬೆವರ್ಲಿ ಹಿಲ್ಸಿನದು. ಪೊಲೀಸು ಮತ್ತು ಮತಪೆಟ್ಟಿಗೆ ಲಾಸ್ ಏಂಜಲೀಸಿನವು. ದಲ್ಲಾಳಿಗಳು ಅವನ್ನು ‘ಬೆವರ್ಲಿ ಹಿಲ್ಸ್ ಅಂಚೆ ಕಚೇರಿ’ ಎಂಬ ಹೆಸರಿನಲ್ಲಿಯೇ ಮಾರುತ್ತಾರೆ. ಕೊಳ್ಳುವವನು ಅಂಚೆಯ ಗೆರೆಗೆ ಹಣ ತೆತ್ತು, ನಗರದ ಗೆರೆಯ ಹೊರಗೆ ವಾಸಿಸುತ್ತಾನೆ.

ಅಮೆರಿಕದಲ್ಲಿ ಇದು ಬರಿಯ ಬಿಂಕದ ಮಾತಲ್ಲ. ಅಲ್ಲಿ ಸರ್ಕಾರಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಆಯಾ ಪ್ರದೇಶದ ಮನೆಗಂದಾಯದಿಂದ ಬರುತ್ತದೆ. ಮನೆಗೆ ಬೆಲೆಯಿದ್ದರೆ ಕಂದಾಯ, ಕಂದಾಯವಿದ್ದರೆ ಶಾಲೆ, ಶಾಲೆ ಚೆನ್ನಾಗಿದ್ದರೆ ಮತ್ತೆ ಮನೆಗೆ ಬೆಲೆ. ಸಾಮಾನ್ಯ ಸಂಸಾರಕ್ಕೆ ಮನೆಯೇ ಆಸ್ತಿ; ಅದನ್ನೇ ಮಕ್ಕಳಿಗೆ ಬಿಟ್ಟುಹೋಗಬೇಕು. 1930ರ ದಶಕದಲ್ಲಿ ಒಂದು ಬೀದಿಗೆ ಸಾಲವಿಲ್ಲ ಎಂದದ್ದು ಆ ಬೀದಿಯ ಮೊಮ್ಮಕ್ಕಳ ಓದಿನ ಮೇಲೂ ಉಳಿತಾಯದ ಮೇಲೂ ಬಿದ್ದ ಪೆಟ್ಟು.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಊರಿನೊಳಗೆ ಜನರ ಗೆರೆ ಮೊದಲಿನಿಂದ ಇತ್ತು. ಅದನ್ನು ಎಳೆಯಲು ಅಂಚೆಯವರು ಬರಬೇಕಾಗಿರಲಿಲ್ಲ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. 1809ರಲ್ಲಿ ದಂಡು ಬಂದಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ದಂಡಿನ ಪ್ರದೇಶ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಒಂದೇ ಊರಿನಲ್ಲಿ ಎರಡು ಆಡಳಿತ, ಎರಡು ಮುನಿಸಿಪಾಲಿಟಿ. 1898ರ ಪ್ಲೇಗಿನ ಭಯಕ್ಕೆ ಪೇಟೆಯ ಇಕ್ಕಟ್ಟನ್ನು ಬಿಟ್ಟು ಹೊರಟವರಿಂದ ಬಸವನಗುಡಿ ಮಲ್ಲೇಶ್ವರಂಗಳು ಬೆಳೆದವು. 1949ರಲ್ಲಿ ಪೇಟೆ ದಂಡುಗಳೆರಡೂ ಒಂದು ಕಾರ್ಪೊರೇಷನ್ ಆದವು. ಅಂಚೆಯವರ ಅಂಕಿ ಈ ಹಳೆಯ ಹೊಲಿಗೆಗಳ ಮೇಲೆಯೇ ಬಂದು ಕುಳಿತಿತು.

1972ರ ಆಗಸ್ಟ್ 15ರಂದು ದೇಶಕ್ಕೆಲ್ಲ ಆರು ಅಂಕಿಗಳ ಪಿನ್ ಕೋಡ್ ಬಂದಿತು. ಅದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಇಲಾಖೆಯ ಅಧಿಕಾರಿಯೂ ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರರು. ಹೊಸಹಳ್ಳಿ, ರಾಂಪುರಗಳಂಥ ಹೆಸರುಗಳು ಜಿಲ್ಲೆಗೆ ಹತ್ತಿರುವ, ಹತ್ತಾರು ಲಿಪಿಗಳಲ್ಲಿ ವಿಳಾಸ ಬರೆಯುವ ದೇಶಕ್ಕೆ ಅದು ಬೇಕೇ ಆಗಿತ್ತು. ಮೊದಲ ಮೂರು ಅಂಕಿ ಕಾಗದ ಬೇರ್ಪಡಿಸುವ ಜಿಲ್ಲೆಗೆ, ಕೊನೆಯ ಮೂರು ಬಟವಾಡೆಯ ಕಚೇರಿಗೆ. ‘ಬೆಂಗಳೂರು-4’ ಎಂಬುದು 560004 ಆಯಿತು. ‘ಬೆಂಗಳೂರು-18’ ಎಂಬುದು 560018 ಆಯಿತು. ಹಳೆಯ ಅಂಕಿ ಹೊಸ ಅಂಕಿಯ ಬಾಲವಾಗಿ ಉಳಿಯಿತು.

ನಮ್ಮಲ್ಲಿ ಮನೆಯ ಬೆಲೆಯನ್ನು ಹೆಚ್ಚು ನಿರ್ಧರಿಸುವುದು ಅಂಚೆಯ ಗೆರೆಗಿಂತ ಆಡಳಿತದ ಗೆರೆ. ನಿವೇಶನ ಕೊಳ್ಳುವವನು ಕೇಳುವುದು ಖಾತೆ ಯಾವುದು, ಬಡಾವಣೆಗೆ ಮಂಜೂರಾತಿ ಇದೆಯೆ, ಕಾವೇರಿ ನೀರು ಬಂದಿದೆಯೆ ಎಂದು. 2007ರಲ್ಲಿ 7 ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬೆಂಗಳೂರಿನ ಮಹಾನಗರ ಪಾಲಿಕೆ ಹಿಗ್ಗಿತು. ಗೆರೆ ಸರಿದ ದಿನವೇ ಆ ಹಳ್ಳಿಗಳ ಹೊಲಗದ್ದೆ ‘ನಗರದ ನಿವೇಶನ’ ಎನಿಸಿತು. ಆ 110 ಹಳ್ಳಿಗಳಿಗೆಂದು ಕೈಗೊಂಡ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹೆಸರಿಗೂ ನೀರಿಗೂ ನಡುವೆ 17 ವರ್ಷ. ಅಷ್ಟು ಕಾಲ ಜನ ಹೆಸರಿಗೆ ಬೆಲೆ ತೆತ್ತು, ನೀರನ್ನು ಟ್ಯಾಂಕರಿನಿಂದ ಬೇರೆಯಾಗಿ ಕೊಂಡರು.

ಜನರನ್ನು ಬೇರ್ಪಡಿಸುವ ಗೆರೆಗೆ ನಮ್ಮ ಕಾನೂನಿನಲ್ಲಿ ಏನು ಸ್ಥಾನ? ಅಹಮದಾಬಾದಿನ ಪಾರಸಿಗಳ ಗೃಹನಿರ್ಮಾಣ ಸಹಕಾರ ಸಂಘವೊಂದರ ಉಪವಿಧಿಯಲ್ಲಿ ಪಾರಸಿಗಳಿಗೆ ಮಾತ್ರ ಸದಸ್ಯತ್ವ ಎಂದಿತ್ತು. ಸದಸ್ಯನೊಬ್ಬ ತನ್ನ ಸ್ವತ್ತನ್ನು ಹೊರಗಿನವರಿಗೆ ಮಾರಬಯಸಿದಾಗ ವ್ಯಾಜ್ಯ ಹುಟ್ಟಿತು. 2005ರಲ್ಲಿ ನಮ್ಮ ಸುಪ್ರೀಮ್ ಕೋರ್ಟು ಆ ಉಪವಿಧಿ ಸಿಂಧುವೆಂದು ತೀರ್ಪು ಕೊಟ್ಟಿತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯದಲ್ಲಿ ಯಾರನ್ನು ಸೇರಿಸಿಕೊಳ್ಳಬೇಕೆಂಬ ಆಯ್ಕೆಯೂ ಇದೆ ಎಂಬುದು ಅದರ ಸಾರ. ಸಣ್ಣ ಸಮುದಾಯವೊಂದು ಒಟ್ಟಾಗಿ ಬಾಳಲು ಬಯಸುವುದು ಒಂದು ಮಾತು. ದೊಡ್ಡ ಸಮುದಾಯ ಚಿಕ್ಕದನ್ನು ಹೊರಗಿಡುವುದು ಇನ್ನೊಂದು ಮಾತು. ಗೆರೆ ಎರಡಕ್ಕೂ ಒಂದೇ ಬಗೆಯಲ್ಲಿ ಒದಗುತ್ತದೆ ಎಂಬುದೇ ತೊಡಕು. ಬಾಡಿಗೆಯ ಮನೆ ಹುಡುಕಿಕೊಂಡು ಹೋದವನನ್ನು ಮನೆಯಾಕೆ ಬಾಗಿಲಲ್ಲಿಯೇ ನಿಲ್ಲಿಸಿ ‘ನೀವು ಯಾವ ಜನ?’ ಎಂದು ಕೇಳುವ ನಮ್ಮ ಪದ್ಧತಿಗೆ ನಕ್ಷೆಯೂ ಬೇಡ, ಬಣ್ಣವೂ ಬೇಡ. ಸಾಲ ಕೊಡುವವರು ಕೆಲವು ಕೇರಿಗಳನ್ನು ‘ನೆಗೆಟಿವ್ ಏರಿಯಾ’ ಎಂದು ಬದಿಗಿಡುತ್ತಾರೆಂಬ ದೂರು ನಮ್ಮ ದೇಶದಲ್ಲಿಯೂ ಕೇಳಿಬಂದಿದೆ. ಹೆಸರು ಹೊಸದು, ರೂಢಿ ಡೆಟ್ರಾಯಿಟಿನ ಗೋಡೆಯಷ್ಟು ಹಳೆಯದು.

2025ರ ಮೇ ತಿಂಗಳಲ್ಲಿ ನಮ್ಮ ಅಂಚೆ ಇಲಾಖೆ ‘ಡಿಜಿಪಿನ್’ ಎಂಬ ಹೊಸ ಏರ್ಪಾಡನ್ನು ಹೊರತಂದಿತು. ದೇಶದ ನೆಲವನ್ನೆಲ್ಲ ಸುಮಾರು 4 ಮೀಟರ್ ಅಗಲ, 4 ಮೀಟರ್ ಉದ್ದದ ಚೌಕಗಳಾಗಿ ಹೆಣೆದು, ಚೌಕಕ್ಕೊಂದು ಹತ್ತಕ್ಷರದ ಗುರುತು. ಹೆಸರಿಲ್ಲದ ಗಲ್ಲಿಯ ಗುಡಿಸಲಿಗೂ ಇದರಿಂದ ಒಂದು ವಿಳಾಸ ದೊರೆಯುತ್ತದೆ. ರಾತ್ರಿಯ ವೇಳೆ ಆಂಬುಲೆನ್ಸಿನವನು ದಾರಿ ತಪ್ಪದೆ ಬಂದು ಮುಟ್ಟಬಹುದು. ಒಳ್ಳೆಯದೇ. ಬೂತನ ನಕ್ಷೆಯೂ ಒಳ್ಳೆಯದಕ್ಕೇ ಹುಟ್ಟಿತ್ತು ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು. ಬಡಾವಣೆಯ ಲೆಕ್ಕದಲ್ಲಿ ಜನರನ್ನು ತೂಗುತ್ತಿದ್ದವರಿಗೆ ಬಾಗಿಲಿನ ಲೆಕ್ಕದಲ್ಲಿ ತೂಗುವ ತಕ್ಕಡಿ ಸಿಕ್ಕಿದರೆ ಅದಕ್ಕೆ ಕಾವಲು ಯಾರು ಎಂದು ಈಗಲೇ ಕೇಳಿಡುವುದು ಮೇಲು.

ರೋಲಂಡ್ ಹಿಲ್ ಅಂಚೆಗೆ ಕೈಹಾಕುವ ಮುಂಚೆ ಕಾಗದದ ದರ ದೂರಕ್ಕೆ ತಕ್ಕಂತೆ ಏರುತ್ತಿತ್ತು. ಹತ್ತಿರದವನಿಗೊಂದು ದರ, ದೂರದವನಿಗೆ ಇನ್ನೊಂದು. ಅದನ್ನು ಕಿತ್ತುಹಾಕಿ, ದೇಶದ ಯಾವ ಮೂಲೆಗಾದರೂ ಒಂದೇ ಪೆನ್ನಿ ಎಂದದ್ದು ಆತನ ನಿಜವಾದ ದೊಡ್ಡಸ್ತಿಕೆ. ಇಂದಿಗೂ ನಮ್ಮ ಅಂಚೆಯ ಪೇದೆ ಒಂದೇ ಬೆಲೆಯ ಚೀಟಿ ಹಚ್ಚಿದ ಕಾಗದವನ್ನು ಬಸವನಗುಡಿಯ ಬಂಗಲೆಗೂ ಕೊಡುತ್ತಾನೆ, ಊರಂಚಿನ ಶೀಟಿನ ಮನೆಗೂ ಕೊಡುತ್ತಾನೆ. ಅಂಕಿಯನ್ನು ಓದುವವರಲ್ಲಿ ಅದನ್ನು ಬರಿಯ ದಾರಿಯೆಂದು ಓದುವವನು ಅವನೊಬ್ಬನೇ ಎಂದು ತೋರುತ್ತದೆ.